ತೆಳು ಗಾಳಿಯ ಬೆಳಕು: ಪ್ಲಾಸ್ಮಾ, ಅನಿಲ ಮತ್ತು ಧ್ರುವಪ್ರಭೆ

ಬೆಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರಿದು. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಮೇಲಿಂದ ಅದುಮುವ ಗಾಳಿ ಕಡಿಮೆ. ಹಾಗಾಗಿ ಒಲೆ ಮೇಲಿಟ್ಟ ನೀರು ಹೆಚ್ಚುಕಡಿಮೆ 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿ ಹತ್ತುತ್ತದೆ. ಮಂಜುಗಡ್ಡೆ ಕಾಯಿಸಿದರೆ ನೀರು, ನೀರು ಕಾಯಿಸಿದರೆ ಆವಿ ಎಂದು ಶಾಲೆಯಲ್ಲಿ ಕಲಿತ ನಮ್ಮ ತಲೆಯಲ್ಲಿ ದ್ರವ್ಯದ ಸ್ಥಿತಿ ಎಂದರೆ ಉಷ್ಣತೆಯ ಲೆಕ್ಕ ಎಂದೇ ಕೂತಿದೆ. ಒತ್ತಡದ ಮಾತು ಪಾಠದ ಕೊನೆಯಲ್ಲಿ ಒಂದು ಪ್ಯಾರಾ ಬಂದು ಹೋಗುತ್ತದೆ, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಧ್ರುವಗಳ ಕಡೆಯ ರಾತ್ರಿಯಾಕಾಶದಲ್ಲಿ ಹೊಳೆಯುವ ಬಣ್ಣದ ಬೆಳಕು, ಧ್ರುವಪ್ರಭೆ, ಅರ್ಥವಾಗಬೇಕೆಂದರೆ ಆ ಎರಡು ಅಂಕದ ಪ್ರಶ್ನೆಯಿಂದಲೇ ಶುರು ಮಾಡಬೇಕು.

2024ರ ಮೇ 10 ಮತ್ತು 11ರ ನಡುವಿನ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಧ್ರುವಪ್ರಭೆಯಿಂದ ಆಕಾಶ ಕೆಂಪಾಯಿತು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಅಲ್ಲಿನ ಕ್ಯಾಮೆರಾಗಳಲ್ಲಿ ಆ ಕೆಂಪು ದಾಖಲಾಯಿತು. 2003ರ ನಂತರ ಭೂಮಿಗೆ ಅಪ್ಪಳಿಸಿದ ಅತಿ ದೊಡ್ಡ ಭೂಕಾಂತೀಯ ಬಿರುಗಾಳಿ ಅದು, ಎಂದರೆ ಸೂರ್ಯನಿಂದ ಬಂದ ಪ್ಲಾಸ್ಮಾ ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸಿದ್ದು. ಬೆಳಗಾಗುವಷ್ಟರಲ್ಲಿ ಫೋಟೊಗಳು ಎಲ್ಲರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿದ್ದವು. ಜೊತೆಗೆ ಎರಡು ಮಾತು. ಒಂದು, ‘ಇದು ದ್ರವ್ಯದ ನಾಲ್ಕನೇ ಸ್ಥಿತಿಯಾದ ಪ್ಲಾಸ್ಮಾ ಹೊಳೆಯುತ್ತಿರುವುದು’ ಎಂಬ ವಿವರಣೆ. ಇನ್ನೊಂದು, ‘ನಂದಿಬೆಟ್ಟಕ್ಕೆ ಹೋದರೆ ಕಾಣುತ್ತಾ?’ ಎಂಬ ಪ್ರಶ್ನೆ. ಪ್ರಶ್ನೆ ಸಹಜವೇ. ವಿವರಣೆ ಮಾತ್ರ ಅರ್ಧ ಸರಿ. ಧ್ರುವಪ್ರಭೆಯ ಹಸಿರು ಮತ್ತು ಕೆಂಪು ಬಣ್ಣ ಬರುವುದು ಪ್ಲಾಸ್ಮಾದಿಂದಲ್ಲ, ವಿದ್ಯುದಂಶವೇ ಇಲ್ಲದ ಸಾದಾ ಆಮ್ಲಜನಕದ ಪರಮಾಣುಗಳಿಂದ. ಎಂದರೆ ಅನಿಲದಿಂದ. ಪ್ಲಾಸ್ಮಾ ಆ ಅನಿಲಕ್ಕೆ ಬಂದು ಹೊಡೆಯುತ್ತದೆ, ಅಷ್ಟೆ. ಆ ಎರಡು ಸ್ಥಿತಿಗಳು ಮುಖಾಮುಖಿಯಾಗುವ ಜಾಗ ಆಕಾಶದಲ್ಲಿ ಯಾವ ಎತ್ತರದಲ್ಲಿದೆ, ಅಲ್ಲಿ ಗಾಳಿ ಎಷ್ಟು ತೆಳು ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ.

ಮೊದಲು ಪ್ಲಾಸ್ಮಾ ಎಂದರೇನು ನೋಡೋಣ. ನೀರಿನ ಒಂದು ಅಣುವನ್ನು ಅಕ್ಕಪಕ್ಕದ ಅಣುಗಳ ಹಿಡಿತದಿಂದ ಬಿಡಿಸಿ ಆವಿ ಮಾಡಲು, ಪರಮಾಣುಗಳ ಲೋಕದ ಪುಟ್ಟ ಶಕ್ತಿಮಾನದಲ್ಲಿ ಹೇಳಿದರೆ, ಸುಮಾರು 0.4 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಸಾಕು. ಅದೇ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕೀಳಬೇಕೆಂದರೆ ಬೇಕಾಗುವುದು 12.6 ಎಲೆಕ್ಟ್ರಾನ್ ವೋಲ್ಟ್. ಮೂವತ್ತು ಪಟ್ಟು ದುಬಾರಿ. ಘನ, ದ್ರವ, ಅನಿಲ ಈ ಮೂರರಲ್ಲೂ ಅಣು ಅಣುವಾಗಿಯೇ ಉಳಿದಿರುತ್ತದೆ, ಬದಲಾಗುವುದು ಅವುಗಳ ನಡುವಿನ ನಂಟು ಮಾತ್ರ. ಪ್ಲಾಸ್ಮಾದಲ್ಲಿ ಮುರಿಯುವುದು ಪರಮಾಣುವಿನ ಒಳಗಿನ ನಂಟು. ಎಲೆಕ್ಟ್ರಾನ್ ಒಂದು ಕಡೆ, ಅದನ್ನು ಕಳೆದುಕೊಂಡ ಅಯಾನು ಇನ್ನೊಂದು ಕಡೆ. ಎರಡೂ ಬಿಡಿಬಿಡಿಯಾಗಿ ಓಡಾಡುತ್ತವೆ.

ಹೀಗಾದ ಮೇಲೆ ಅದರ ನಡತೆಯೇ ಬೇರೆ. ಅನಿಲದ ಅಣುವಿಗೆ ಪಕ್ಕದ ಅಣು ಬಂದು ಡಿಕ್ಕಿ ಹೊಡೆದಾಗಷ್ಟೇ ಅದರ ಇರವು ಗೊತ್ತಾಗುತ್ತದೆ. ಪ್ಲಾಸ್ಮಾದ ಕಣಕ್ಕೆ ದೂರದ ಕಣದ ಸೆಳೆತವೂ ತಟ್ಟುತ್ತದೆ. ಅದು ವಿದ್ಯುತ್ತನ್ನು ಹರಿಯಗೊಡುತ್ತದೆ, ಕಾಂತಕ್ಷೇತ್ರಕ್ಕೆ ಬಗ್ಗುತ್ತದೆ. ಕಾಂತಬಲರೇಖೆಯ ಸುತ್ತ ಸುರುಳಿ ಸುತ್ತುತ್ತಾ ರೇಖೆಯ ಉದ್ದಕ್ಕೆ ಸಲೀಸಾಗಿ ಸಾಗುತ್ತದೆ, ಅದನ್ನು ಅಡ್ಡಹಾಯುವುದು ಮಾತ್ರ ಅದಕ್ಕೆ ಬಲು ಕಷ್ಟ. ಈ ಕೊನೆಯ ಮಾತು ನೆನಪಿರಲಿ, ನಂದಿಬೆಟ್ಟದ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ 1879ರಲ್ಲಿ ಗಾಳಿ ಹೀರಿ ತೆಗೆದ ಗಾಜಿನ ಕೊಳವೆಗಳಲ್ಲಿ ವಿದ್ಯುತ್ ಹಾಯಿಸಿ, ಇದು ದ್ರವ್ಯದ ನಾಲ್ಕನೇ ಬಗೆ ಎಂದು ವಾದಿಸಿದ. ಪ್ಲಾಸ್ಮಾ ಎಂಬ ಹೆಸರು ಕೊಟ್ಟವನು ಅಮೆರಿಕದ ಇರ್ವಿಂಗ್ ಲಾಂಗ್ಮ್ಯೂರ್, 1928ರಲ್ಲಿ. ಆದರೆ ಈ ಸ್ಥಿತಿಯ ಲೆಕ್ಕವನ್ನು ಕೈಗೆ ಕೊಟ್ಟವರು ನಮ್ಮ ಖಭೌತ ವಿಜ್ಞಾನಿ ಮೇಘನಾದ ಸಾಹಾ. 1920ರಲ್ಲಿ ಪ್ರಕಟವಾದ ಅವರ ಸಮೀಕರಣ ಒಂದು ಅನಿಲದಲ್ಲಿ ಎಷ್ಟು ಪಾಲು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ಹೇಳುತ್ತದೆ. ಬಿಸಿ ಹೆಚ್ಚಿದಷ್ಟೂ ಆ ಪಾಲು ಹೆಚ್ಚು, ಇದು ಯಾರಾದರೂ ಊಹಿಸಬಹುದಾದ ಮಾತು. ಸಾಹಾ ತೋರಿಸಿದ ಇನ್ನೊಂದು ಮುಖ ಒತ್ತಡದ್ದು. ಉಷ್ಣತೆ ಒಂದೇ ಇದ್ದರೂ ಅನಿಲ ತೆಳುವಾದಷ್ಟೂ ಅಯಾನುಗಳು ಹೆಚ್ಚು. ಕಿತ್ತುಬಂದ ಎಲೆಕ್ಟ್ರಾನಿಗೆ ಮತ್ತೆ ಸೇರಿಕೊಳ್ಳಲು ಅಯಾನು ಬೇಕಲ್ಲ? ತೆಳುವಾದ ಜಾಗದಲ್ಲಿ ಅದು ಬೇಗ ಸಿಗುವುದೇ ಇಲ್ಲ. ನಮ್ಮ ಸೂರ್ಯನನ್ನೇ ತೆಗೆದುಕೊಳ್ಳಿ. ಸುಮಾರು 5,500 ಡಿಗ್ರಿ ಸೆಲ್ಸಿಯಸ್‌ನ ಆ ಕಣ್ಣು ಕುಕ್ಕುವ ಮೇಲ್ಮೈಯಲ್ಲಿ ಜಲಜನಕದ ಹತ್ತು ಸಾವಿರ ಪರಮಾಣುಗಳಲ್ಲಿ ಒಂದರಷ್ಟು ಮಾತ್ರ ಒಡೆದಿರುತ್ತದೆ. ‘ಸೂರ್ಯ ಎಂದರೆ ಪ್ಲಾಸ್ಮಾದ ಉಂಡೆ’ ಎಂಬ ಮಾತು ಅವನ ಒಳಗಿಗೂ ಹೊರಗಿನ ತೆಳು ಹೊದಿಕೆಯಾದ ಕರೋನಾಕ್ಕೂ ಸರಿ. ಕಣ್ಣಿಗೆ ಕಾಣುವ ಮೇಲ್ಮೈಗೆ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಪ್ಲಾಸ್ಮಾವನ್ನು ಹತ್ತಿರದಿಂದ ನೋಡಬೇಕಾದರೆ ಹಳೆಯ ಮನೆಯ ಟ್ಯೂಬ್‌ಲೈಟ್ ಸಾಕು, ಚೋಕು ಮತ್ತು ಸ್ಟಾರ್ಟರ್ ಇರುವಂಥದ್ದು. ಕೊಳವೆಯೊಳಗೆ ಆರ್ಗಾನ್ ಅನಿಲ ಮತ್ತು ಚೂರು ಪಾದರಸ ಇರುತ್ತವೆ. ಒತ್ತಡ ಹೊರಗಿನ ಗಾಳಿಯ ಸಾವಿರದಲ್ಲಿ ಕೆಲವೇ ಪಾಲು. ಸ್ವಿಚ್ ಹಾಕಿದ ತಕ್ಷಣ ಮೊದಲು ಬೆಳಗುವುದು ಟ್ಯೂಬಲ್ಲ, ಸ್ಟಾರ್ಟರ್. ಅದರೊಳಗಿನ ಪುಟ್ಟ ಗಾಜಿನ ಬುರುಡೆಯಲ್ಲಿ ಅನಿಲ ಮಿಣುಕುತ್ತದೆ, ಆ ಬಿಸಿಗೆ ಒಳಗಿನ ಲೋಹದ ಪಟ್ಟಿ ಬಾಗಿ ಪಕ್ಕದ ಕಡ್ಡಿಗೆ ತಾಗುತ್ತದೆ. ಈಗ ಕರೆಂಟು ಟ್ಯೂಬಿನ ಎರಡು ತುದಿಯ ತಂತಿಗಳಲ್ಲಿ ಹರಿದು ಅವು ಕೆಂಪಗೆ ಕಾಯುತ್ತವೆ, ಎಲೆಕ್ಟ್ರಾನುಗಳನ್ನು ಉದುರಿಸತೊಡಗುತ್ತವೆ. ಅಷ್ಟರಲ್ಲಿ ಪಟ್ಟಿ ತಣಿದು ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ಹರಿಯುತ್ತಿದ್ದ ಕರೆಂಟು ಏಕಾಏಕಿ ನಿಂತಾಗ ಚೋಕು ಒಂದು ಕ್ಷಣ ನೂರಾರು ವೋಲ್ಟಿನ ಪೆಟ್ಟು ಕೊಡುತ್ತದೆ. ಆ ಪೆಟ್ಟಿಗೆ ಕೊಳವೆಯ ಉದ್ದಕ್ಕೂ ಅನಿಲ ಒಡೆದು ಪ್ಲಾಸ್ಮಾ ಆಗುತ್ತದೆ. ಒಂದೇ ಪೆಟ್ಟಿಗೆ ಆಗದಿದ್ದರೆ ಮತ್ತೆ ಮಿಣುಕು, ಮತ್ತೆ ಟಕ್. ಒಮ್ಮೆ ಹತ್ತಿಕೊಂಡ ಮೇಲೂ ಚೋಕಿಗೆ ಕೆಲಸವಿದೆ. ಪ್ಲಾಸ್ಮಾದಲ್ಲಿ ಕರೆಂಟು ಹೆಚ್ಚಿದಷ್ಟೂ ಅಡಚಣೆ ಕಡಿಮೆಯಾಗುತ್ತದೆ, ಆಗ ಕರೆಂಟು ಇನ್ನೂ ಹೆಚ್ಚುತ್ತದೆ. ಲಗಾಮು ಹಿಡಿಯುವವರಿಲ್ಲದಿದ್ದರೆ ಟ್ಯೂಬು ಸುಟ್ಟುಹೋಗುತ್ತದೆ.

ಹೀಗೆ ಬೆಳಗುತ್ತಿರುವ ಟ್ಯೂಬನ್ನು ಮುಟ್ಟಿ ನೋಡಿ. ಬೆಚ್ಚಗಿರುತ್ತದೆ, ಅಷ್ಟೆ. ಆದರೆ ಒಳಗಿನ ಎಲೆಕ್ಟ್ರಾನುಗಳ ಉಷ್ಣತೆ ಹತ್ತು ಸಾವಿರ ಡಿಗ್ರಿ ದಾಟಿರುತ್ತದೆ. ಎಲೆಕ್ಟ್ರಾನು ಹಗುರ, ಪಾದರಸದ ಪರಮಾಣು ಭಾರ. ಹಗುರವಾದದ್ದು ಬಂದು ಬಡಿದರೆ ಭಾರವಾದದ್ದು ಹೆಚ್ಚು ಅಲುಗುವುದಿಲ್ಲ. ಜೊತೆಗೆ ಅನಿಲ ತೆಳು, ಬಡಿತಗಳೂ ಕಡಿಮೆ. ಒಂದೇ ಕೊಳವೆಯಲ್ಲಿ ಎರಡು ಉಷ್ಣತೆ ಸಂಸಾರ ಮಾಡಿಕೊಂಡಿರುತ್ತವೆ. ಪಾದರಸ ಹೊರಡಿಸುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು. ಅದನ್ನು ಬಿಳಿಯಾಗಿಸುವುದು ಗಾಜಿನ ಒಳಮೈಗೆ ಬಳಿದ ಪುಡಿ.

ನಮ್ಮ ರಸ್ತೆಗಳಲ್ಲಿದ್ದ ಕೇಸರಿ ಬಣ್ಣದ ಸೋಡಿಯಂ ದೀಪಗಳೂ ಪ್ಲಾಸ್ಮಾವೇ. ಎಲ್‌ಇಡಿ ಬಂದ ಮೇಲೆ ಬೀದಿಯಿಂದ ಪ್ಲಾಸ್ಮಾ ಬಹುಮಟ್ಟಿಗೆ ಕಾಲು ಕಿತ್ತಿದೆ, ಎಲ್‌ಇಡಿಯಲ್ಲಿ ಬೆಳಕು ಬರುವುದು ಘನವಸ್ತುವಿನಿಂದ. ಏಪ್ರಿಲ್–ಮೇ ತಿಂಗಳ ಮಳೆಯಲ್ಲಿ ಹೊಡೆಯುವ ಮಿಂಚು ಅಪ್ಪಟ ಪ್ಲಾಸ್ಮಾ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ಪೀಣ್ಯದ ಶೆಡ್ಡುಗಳಲ್ಲಿ ವೆಲ್ಡಿಂಗ್ ಮಾಡುವಾಗ ಕಾಣುವ ನೀಲಿ ಕಿಡಿಯೂ ಅದೇ. ಗ್ಯಾಸ್ ಒಲೆಯ ಉರಿಯನ್ನು ಪ್ಲಾಸ್ಮಾ ಎಂದು ಹೇಳುವ ವಿಡಿಯೊಗಳನ್ನು ಮಾತ್ರ ನಂಬಬೇಡಿ. ಅದರಲ್ಲಿ ಅಯಾನುಗಳು ಇದ್ದರೂ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಅದು ಬಿಸಿ ಅನಿಲ. ಐದನೆಯ ಸ್ಥಿತಿ ಎಂದು ಪಠ್ಯದಲ್ಲಿ ಬರುವ ಬೋಸ್–ಐನ್‌ಸ್ಟೈನ್ ಕಂಡೆನ್ಸೇಟ್ ಇದರ ಎದುರು ದಿಕ್ಕಿನದು, ಸೊನ್ನೆ ಕೆಲ್ವಿನ್‌ಗೆ ಕೂದಲೆಳೆಯಷ್ಟು ಹತ್ತಿರ ತಣಿಸಿದ ಪರಮಾಣುಗಳದ್ದು. 1995ರಲ್ಲಿ ಮೊದಲು ಮಾಡಿ ತೋರಿಸಿದರು. ನಮ್ಮ ಈ ಕತೆಯಲ್ಲಿ ಅದಕ್ಕೆ ಪಾತ್ರವಿಲ್ಲ.

ಸೂರ್ಯನ ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಗೂ ಮೇಲೆ. ಅಷ್ಟು ಬಿಸಿಯಾದದ್ದನ್ನು ಸೂರ್ಯನ ಗುರುತ್ವ ಪೂರ್ತಿಯಾಗಿ ಹಿಡಿದಿಡಲಾರದು. ಅದು ಎಡೆಬಿಡದೆ ಹೊರಕ್ಕೆ ಸೋರುತ್ತದೆ. ಇದೇ ಸೌರ ಮಾರುತ. ವೇಗ ಸೆಕೆಂಡಿಗೆ 300ರಿಂದ 800 ಕಿ.ಮೀ. ಸೆಕೆಂಡಿಗೆ ಹತ್ತು ಲಕ್ಷ ಟನ್‌ಗೂ ಹೆಚ್ಚು ದ್ರವ್ಯ ಸೂರ್ಯನಿಂದ ಹೀಗೆ ಹೋಗುತ್ತದೆ. ಆದರೂ ಭೂಮಿಯ ಬಳಿ ಬರುವ ಹೊತ್ತಿಗೆ ಒಂದು ಘನ ಸೆಂಟಿಮೀಟರಿನಲ್ಲಿ ಸಿಗುವುದು ಐದಾರು ಪ್ರೋಟಾನು, ಅಷ್ಟೇ ಎಲೆಕ್ಟ್ರಾನು. ನಮ್ಮ ಪ್ರಯೋಗಾಲಯಗಳಲ್ಲಿ ಮಾಡುವ ನಿರ್ವಾತಕ್ಕಿಂತಲೂ ಖಾಲಿ. ಕೆಲವೊಮ್ಮೆ ಸೂರ್ಯನ ಮೇಲ್ಮೈಯ ಕಪ್ಪು ಕಲೆಗಳ ಮೇಲೆ ತಿರುಚಿಕೊಂಡ ಕಾಂತಕ್ಷೇತ್ರ ಹರಿದು, ಕರೋನಾದ ದೊಡ್ಡ ತುಂಡೇ ಕಿತ್ತುಬರುತ್ತದೆ. 2024ರ ಮೇ ತಿಂಗಳಲ್ಲಿ ಒಂದೇ ದೈತ್ಯ ಕಲೆಗುಂಪಿನಿಂದ ಇಂಥ ಹಲವು ತುಂಡುಗಳು ಒಂದರ ಹಿಂದೊಂದು ಹೊರಟು ಭೂಮಿಯ ಕಡೆಗೇ ಬಂದವು.

ಇವು ಹೊರಡುವ ರೇಡಿಯೊ ಸದ್ದನ್ನು ಬೆಂಗಳೂರಿನಿಂದ ಸುಮಾರು ನೂರು ಕಿ.ಮೀ. ದೂರದ ಗೌರಿಬಿದನೂರಿನಲ್ಲಿ ಹಿಡಿಯುತ್ತಾರೆ. ಅಲ್ಲಿ ಖಭೌತ ಸಂಸ್ಥೆಯ ರೇಡಿಯೊ ವೀಕ್ಷಣಾಲಯವಿದೆ. ದೂರದರ್ಶಕ ಎಂದರೆ ಗುಮ್ಮಟ, ಮಸೂರ ಎಂದುಕೊಂಡು ಹೋದರೆ ಅಲ್ಲಿ ಕಾಣುವುದು ಬಯಲಲ್ಲಿ ಸಾಲಾಗಿ ನಿಂತ ಆಂಟೆನಾಗಳು, ಹಿಂದೆ ಮನೆಯ ತಾರಸಿಗಳ ಮೇಲೆ ಟಿ.ವಿ.ಗೆ ಹಾಕುತ್ತಿದ್ದರಲ್ಲ, ಹೆಚ್ಚುಕಡಿಮೆ ಆ ಜಾತಿಯವು. ಪ್ಲಾಸ್ಮಾಕ್ಕೆ ತನ್ನದೇ ಒಂದು ಕಂಪನವಿದೆ, ಅದೇ ರೇಡಿಯೊ ಅಲೆಯಾಗಿ ಹೊರಬರುತ್ತದೆ, ಎಲೆಕ್ಟ್ರಾನುಗಳ ಸಾಂದ್ರತೆ ಹೆಚ್ಚಿದ್ದರೆ ಆವರ್ತನ ಹೆಚ್ಚು. ಘನ ಸೆಂಟಿಮೀಟರಿಗೆ ಎಂಟು ಕೋಟಿ ಎಲೆಕ್ಟ್ರಾನ್ ಇದ್ದರೆ ಅದು ಸುಮಾರು 80 ಮೆಗಾಹರ್ಟ್ಸ್. ಸ್ಫೋಟದ ಆಘಾತ ಅಲೆ ಕರೋನಾದಲ್ಲಿ ಮೇಲೇರಿದಂತೆ ಪ್ಲಾಸ್ಮಾ ತೆಳುವಾಗುತ್ತದೆ, ಆವರ್ತನ ಇಳಿಯುತ್ತದೆ. ಎಷ್ಟು ಬೇಗ ಇಳಿಯಿತು ಎಂದು ಅಳೆದರೆ ಅಲೆ ಎಷ್ಟು ವೇಗವಾಗಿ ಹೊರಟಿದೆ ಎಂದು ಹೇಳಬಹುದು. ಸೂರ್ಯನ ಹತ್ತಿರಕ್ಕೂ ಹೋಗದೆ ಮಾಡುವ ಈ ಲೆಕ್ಕ ನನಗೆ ಪ್ಲಾಸ್ಮಾ ವಿಜ್ಞಾನದಲ್ಲೇ ಅತ್ಯಂತ ಜಾಣ ಲೆಕ್ಕ ಅನಿಸುತ್ತದೆ.

ಇಲ್ಲಿಂದ ಮುಂದೆ ಹೆಚ್ಚಿನ ಬರಹಗಳು ಜಾರುತ್ತವೆ. ಸೂರ್ಯನಿಂದ ಬಂದ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವಗಳ ಕಡೆ ಎಳೆದುಕೊಳ್ಳುತ್ತದೆ, ಅವು ಗಾಳಿಗೆ ಬಡಿದು ಬೆಳಕು ಬರುತ್ತದೆ ಎಂದು ಒಂದೇ ಉಸಿರಿಗೆ ಮುಗಿಸುತ್ತಾರೆ. ಸೌರ ಮಾರುತದ ಒಂದು ಎಲೆಕ್ಟ್ರಾನಿನ ಶಕ್ತಿ ಸುಮಾರು 10 ಎಲೆಕ್ಟ್ರಾನ್ ವೋಲ್ಟ್. ಧ್ರುವಪ್ರಭೆ ಹೊತ್ತಿಸುವ ಎಲೆಕ್ಟ್ರಾನುಗಳದ್ದು ಸಾವಿರದಿಂದ ಹತ್ತು ಸಾವಿರ. ನೂರು, ಸಾವಿರ ಪಟ್ಟು ಶಕ್ತಿಯನ್ನು ನಡುವೆ ಯಾರೋ ತುಂಬಿರಬೇಕು.

ತುಂಬುವುದು ಭೂಮಿಯದ್ದೇ ಕಾಂತಗೋಳ, ಎಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತದಲ್ಲಿರುವ ಸುತ್ತಲಿನ ಜಾಗ. ಸೌರ ಮಾರುತದ ಬಹುಪಾಲು ಇದನ್ನು ಬಳಸಿಕೊಂಡು ಹೊರಗೆ ಹರಿದುಹೋಗುತ್ತದೆ, ಹೋಗುತ್ತಾ ಕಾಂತಗೋಳದ ರಾತ್ರಿಯ ಬದಿಯನ್ನು ಉದ್ದನೆಯ ಬಾಲವಾಗಿ ಎಳೆಯುತ್ತದೆ. ಮಾರುತದ ಜೊತೆ ಬರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖಮಾಡಿದ್ದರೆ, ಉತ್ತರಮುಖಿಯಾದ ಭೂಮಿಯ ಕ್ಷೇತ್ರದೊಡನೆ ಎದುರಾಗಿ ಎರಡರ ಬಲರೇಖೆಗಳು ಕಡಿದು ಹೊಸದಾಗಿ ಕೂಡಿಕೊಳ್ಳುತ್ತವೆ. ಹೀಗೆ ಕೂಡಿಕೊಂಡ ರೇಖೆಗಳನ್ನು ಮಾರುತ ಹಿಂದಕ್ಕೆ ಎಳೆದೊಯ್ದು ಬಾಲದಲ್ಲಿ ಒಟ್ಟುತ್ತದೆ. ಬಾಲದಲ್ಲಿ ಒತ್ತಡ ಮಿತಿಮೀರಿದಾಗ ಅಲ್ಲಿಯೂ ರೇಖೆಗಳು ಕಡಿದು ಕೂಡುತ್ತವೆ. ಚಂದ್ರನ ದೂರದ ಸುಮಾರು ಮೂರನೇ ಒಂದು ಭಾಗದಷ್ಟು ಆಚೆ ಇದು ನಡೆಯುವುದನ್ನು ನಾಸಾದ ಥೆಮಿಸ್ ಉಪಗ್ರಹಗಳು 2008ರಲ್ಲಿ ಅಳೆದವು. ಅಲ್ಲಿ ಬಿಡುಗಡೆಯಾದ ಶಕ್ತಿ ಬಲರೇಖೆಗಳಲ್ಲಿ ಅಲೆಗಳಾಗಿ, ವಿದ್ಯುತ್ ಪ್ರವಾಹಗಳಾಗಿ ಭೂಮಿಯ ಕಡೆ ಬರುತ್ತದೆ. ನೆಲದಿಂದ ಕೆಲವು ಸಾವಿರ ಕಿ.ಮೀ. ಎತ್ತರದಲ್ಲಿ ಎಲೆಕ್ಟ್ರಾನುಗಳಿಗೆ ಕೊನೆಯ ನೂಕು ಸಿಗುತ್ತದೆ. ನೋಡುವುದಕ್ಕೆ ಉತ್ತರದ ಆಕಾಶದಲ್ಲಿ ನಡೆಯುವ ಆಟವಾದರೂ ಅದರ ಪೆಟ್ಟು ಬರುವುದು ಭೂಮಿಯ ಬೆನ್ನ ಹಿಂದಿನಿಂದ.

ನೂಕಿಸಿಕೊಂಡ ಎಲೆಕ್ಟ್ರಾನು ವಾತಾವರಣಕ್ಕೆ ಇಳಿಯುತ್ತದೆ. ಇಷ್ಟು ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಆಮ್ಲಜನಕದ ಅಣುಗಳನ್ನು ಮೊದಲೇ ಒಡೆದಿರುತ್ತವೆ, ಒಂಟಿ ಪರಮಾಣುಗಳೇ ಹೆಚ್ಚು. ವಾತಾವರಣದ ಈ ಪದರದ ಹೆಸರು ಅಯಾನುಗೋಳವೇ ಆದರೂ ಸಾವಿರ ಕಣಗಳಲ್ಲಿ ಒಂದಕ್ಕಿಂತ ಕಡಿಮೆ ಅಯಾನು, ಉಳಿದದ್ದೆಲ್ಲ ಅನಿಲ. ಏಟು ತಿಂದ ಆಮ್ಲಜನಕ ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಎಲೆಕ್ಟ್ರಾನನ್ನು ಕಳೆದುಕೊಂಡಿಲ್ಲ, ಒಳಗೇ ಮೇಲಿನ ಮೆಟ್ಟಿಲಿಗೆ ಏರಿಸಿಕೊಂಡಿದೆ. ಅದು ಕೆಳಗಿಳಿಯುವಾಗ ಬೆಳಕು. ಸಾಮಾನ್ಯವಾಗಿ ಪರಮಾಣುಗಳು ಹೀಗೆ ಇಳಿಯಲು ಸೆಕೆಂಡಿನ ಕೋಟಿಯಲ್ಲೊಂದು ಭಾಗ ತೆಗೆದುಕೊಂಡರೆ ಹೆಚ್ಚು. ಹಸಿರು ಮತ್ತು ಕೆಂಪು ಕೊಡುವ ಆಮ್ಲಜನಕದ ಎರಡು ಮೆಟ್ಟಿಲುಗಳಿಂದ ಇಳಿಯುವುದು ಮಾತ್ರ ಕ್ವಾಂಟಂ ನಿಯಮಗಳಿಗೆ ಅಷ್ಟಾಗಿ ಒಪ್ಪಿಗೆಯಿಲ್ಲದ ದಾರಿ. ಹಸಿರು ಬೆಳಕು, 557.7 ನ್ಯಾನೊಮೀಟರ್, ಹೊರಬರಲು ಮುಕ್ಕಾಲು ಸೆಕೆಂಡು ಬೇಕು. ಕೆಂಪು, 630 ನ್ಯಾನೊಮೀಟರ್, ಬರಬೇಕಾದರೆ ಸುಮಾರು 110 ಸೆಕೆಂಡು.

ಸಂಜೆ ಆರೂವರೆಗೆ ಮೆಜೆಸ್ಟಿಕ್ ಬಸ್ ನಿಲ್ದಾಣದ ನಡುವೆ ನಿಂತು, ಎರಡು ನಿಮಿಷ ಯಾರ ಭುಜವೂ ತಾಗದಂತೆ ಇರಲು ನೋಡಿ. ನೆಲದ ಮಟ್ಟದಲ್ಲಿ ಆಮ್ಲಜನಕದ ಪರಮಾಣುವಿನ ಪಾಡು ಅದಕ್ಕಿಂತ ಕಷ್ಟ, ಸೆಕೆಂಡಿಗೆ ನೂರಾರು ಕೋಟಿ ಡಿಕ್ಕಿ. ಪ್ರತಿ ಡಿಕ್ಕಿಯಲ್ಲೂ ಶಕ್ತಿ ಬೆಳಕಾಗದೆ ಬಿಸಿಯಾಗಿ ಹಂಚಿಹೋಗುತ್ತದೆ. 200 ಕಿ.ಮೀ. ದಾಟಿದ ಮೇಲೆ ಗಾಳಿ ಎಷ್ಟು ತೆಳು ಎಂದರೆ ಕೆಲವು ಪರಮಾಣುಗಳಿಗಾದರೂ ಆ ಎರಡು ನಿಮಿಷದ ಬಿಡುವು ಸಿಗುತ್ತದೆ. ಕೆಂಪು ಅಲ್ಲಿಯದು. 100ರಿಂದ 150 ಕಿ.ಮೀ. ನಡುವೆ ಮುಕ್ಕಾಲು ಸೆಕೆಂಡಿನ ಬಿಡುವು ಸಿಗುತ್ತದೆ, ಅಲ್ಲಿ ಹಸಿರು. ಅದಕ್ಕೂ ಕೆಳಗೆ ಆಮ್ಲಜನಕದ ಆಟ ಮುಗಿಯಿತು. ಜೋರಾದ ಎಲೆಕ್ಟ್ರಾನುಗಳು ಅಲ್ಲಿಯವರೆಗೂ ಇಳಿದರೆ ಸಾರಜನಕದ ಗುಲಾಬಿ, ನೇರಳೆ ಅಂಚು ಕಾಣಿಸುತ್ತದೆ, ಸಾರಜನಕ ತಡಮಾಡುವ ಗಿರಾಕಿಯಲ್ಲ. ಹಸಿರು ಗೆರೆಯನ್ನು ಸ್ವೀಡನ್ನಿನ ಆಂಗ್‌ಸ್ಟ್ರೋಮ್ 1860ರ ದಶಕದಲ್ಲೇ ಅಳೆದಿದ್ದ. ಅದು ಆಮ್ಲಜನಕದ್ದು ಎಂದು ತೋರಿಸಲು 1925ರವರೆಗೆ ಕಾಯಬೇಕಾಯಿತು, ಏಕೆಂದರೆ ನೆಲದ ಮೇಲಿನ ಯಾವ ಸಾಮಾನ್ಯ ಪ್ರಯೋಗದಲ್ಲೂ ಅದು ಕಾಣುತ್ತಲೇ ಇರಲಿಲ್ಲ.

ಹಾನ್ಲೆಯಲ್ಲಿ ಬರೀ ಕೆಂಪು ಕಂಡದ್ದಕ್ಕೂ ಎತ್ತರವೇ ಕಾರಣ. ಬೆಳಕು ಹಾನ್ಲೆಯ ನೆತ್ತಿಯ ಮೇಲಿರಲಿಲ್ಲ, ದೂರದ ಉತ್ತರದಲ್ಲಿತ್ತು. ಭೂಮಿ ಗುಂಡಗಿರುವುದರಿಂದ 110 ಕಿ.ಮೀ. ಎತ್ತರದ ಹಸಿರು ಸುಮಾರು 1,200 ಕಿ.ಮೀ. ಆಚೆ ಹೋದರೆ ಕ್ಷಿತಿಜದ ಕೆಳಗೆ ಮುಳುಗುತ್ತದೆ. 400 ಕಿ.ಮೀ. ಎತ್ತರದ ಕೆಂಪು 2,000 ಕಿ.ಮೀ. ದಾಟಿದರೂ ತಲೆ ಎತ್ತಿಕೊಂಡಿರುತ್ತದೆ.

ಇನ್ನು ನಂದಿಬೆಟ್ಟ. ಎಲೆಕ್ಟ್ರಾನುಗಳು ಬಲರೇಖೆಯ ಉದ್ದಕ್ಕೇ ಬರಬೇಕಷ್ಟೆ? ಧ್ರುವಪ್ರಭೆ ಕಾಣುವ ನಾರ್ವೆಯ ಟ್ರೊಮ್ಸೊದ ನೆಲದಿಂದ ಹೊರಡುವ ಬಲರೇಖೆ ಬಾಹ್ಯಾಕಾಶದಲ್ಲಿ ಮೂವತ್ತು ಸಾವಿರ ಕಿ.ಮೀ.ಗೂ ಆಚೆ ಹೋಗಿ ದಕ್ಷಿಣಾರ್ಧಕ್ಕೆ ಇಳಿಯುತ್ತದೆ. ಕಾಂತಗೋಳದ ಗಲಾಟೆಯೆಲ್ಲ ಅದರ ಮೂಲಕ ಕೆಳಗೆ ಬರುತ್ತದೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯಲ್ಲೇ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ತುಂಬಾದಿಂದ ರಾಕೆಟ್ ಹಾರಿಸಲು ಶುರುಮಾಡಿದ್ದು ಅದಕ್ಕೇ. ಬೆಂಗಳೂರು ಅಲ್ಲಿಂದ ದೂರವೇನಿಲ್ಲ. ಇಲ್ಲಿ ಬಲರೇಖೆಗಳು ಬಹುತೇಕ ಅಡ್ಡಡ್ಡ ಮಲಗಿವೆ. ನಮ್ಮ ಊರಿನ ನೆಲದಿಂದ ಹೊರಟ ರೇಖೆ ನೂರು ಕಿ.ಮೀ. ಎತ್ತರವನ್ನೂ ಮುಟ್ಟದೆ ಮತ್ತೆ ಇಳಿದುಬಿಡುತ್ತದೆ. ಬಾಲದಲ್ಲಿ ಎಂಥ ಸ್ಫೋಟವಾದರೂ ಅದರ ಎಲೆಕ್ಟ್ರಾನಿಗೆ ಇಲ್ಲಿಗೆ ಬರಲು ದಾರಿಯೇ ಇಲ್ಲ. ದೂರದ ಕೆಂಪಾದರೂ ಕಾಣಬೇಕಾದರೆ ಧ್ರುವಪ್ರಭೆ ಅಸಾಧ್ಯ ಎನ್ನುವಷ್ಟು ಕೆಳಕ್ಕೆ ಇಳಿದು ಬರಬೇಕು. 1872ರ ಫೆಬ್ರವರಿ 4ರಂದು ಅದು ಮುಂಬಯಿಯಿಂದ ಕಂಡ ವರದಿಗಳಿವೆ. 1859ರ ಸೆಪ್ಟೆಂಬರಿನಲ್ಲಿ ಬಂದ, ಕ್ಯಾರಿಂಗ್ಟನ್ ಎಂದು ಹೆಸರಾದ ಭೂಕಾಂತೀಯ ಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕದ ಸೂಚಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿದದ್ದು ದಾಖಲಾಗಿದೆ. 2024ರಲ್ಲಿ ಹಲವು ಕೇಂದ್ರಗಳ ಅಳತೆಯ ಸರಾಸರಿಯಾದ ಜಾಗತಿಕ ಸೂಚ್ಯಂಕದ ಕುಸಿತ ಸುಮಾರು 400 ನ್ಯಾನೊಟೆಸ್ಲಾ.

ಕಣ್ಣಿಗೆ ಕಾಣದಿದ್ದರೂ ನಮ್ಮ ತಲೆಯ ಮೇಲಿನ ಪ್ಲಾಸ್ಮಾ ಸುಮ್ಮನಿರುವುದಿಲ್ಲ. ಸಮಭಾಜಕದ ಬಳಿ ಹಗಲಿನ ಹೊತ್ತು ಅಯಾನುಗೋಳ ಕಾರಂಜಿಯಂತೆ ಮೇಲಕ್ಕೆ ಚಿಮ್ಮಿ ಎರಡು ಬದಿಗೆ ಇಳಿಯುತ್ತದೆ, ದಕ್ಷಿಣ ಭಾರತ ಅದರ ಅಡಿಯಲ್ಲೇ ಇದೆ. ಜಿಪಿಎಸ್ ಸಂಕೇತ ಈ ಎಲೆಕ್ಟ್ರಾನುಗಳನ್ನು ದಾಟಿ ಬರುವಾಗ ತಡವಾಗುತ್ತದೆ, ನಕ್ಷೆಯಲ್ಲಿ ನಮ್ಮ ಜಾಗ ಕೆಲವು ಮೀಟರ್ ಅತ್ತಿತ್ತ ಸರಿಯುತ್ತದೆ. ವಿಮಾನಗಳಿಗೆ ಅಷ್ಟು ತಪ್ಪೂ ಆಗಿಬರುವುದಿಲ್ಲ. ಅದಕ್ಕೆಂದೇ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ ವ್ಯವಸ್ಥೆ ಈ ತಡವನ್ನು ಲೆಕ್ಕಹಾಕಿ ತಿದ್ದುಪಡಿ ಕಳಿಸುತ್ತದೆ. ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ.

ಬಿರುಗಾಳಿ ಬರುತ್ತದೆಂದು ಮೊದಲೇ ತಿಳಿಯಬಹುದೇ? ಸ್ಫೋಟ ಆದದ್ದು ಎಂಟು ನಿಮಿಷದಲ್ಲಿ ಗೊತ್ತಾಗುತ್ತದೆ, ಬೆಳಕಿನ ವೇಗ ಅದು. ಪ್ಲಾಸ್ಮಾ ಬಂದು ತಲುಪಲು ಒಂದರಿಂದ ಮೂರು ದಿನ. ಆದರೆ ಅದು ಹೊತ್ತು ತರುವ ಕಾಂತಕ್ಷೇತ್ರ ಉತ್ತರಕ್ಕೆ ಮುಖಮಾಡಿದೆಯೋ ದಕ್ಷಿಣಕ್ಕೋ ಎಂಬುದನ್ನು ದೂರದಿಂದ ನೋಡಿ ನಂಬಿಕೆಯಿಂದ ಹೇಳಲಾಗದು. ದಕ್ಷಿಣವಾದರೆ ಹಬ್ಬ, ಉತ್ತರವಾದರೆ ಎಷ್ಟೇ ದೊಡ್ಡ ತುಂಡು ಬಂದರೂ ಆಕಾಶ ಸಪ್ಪೆ. ಆ ದಿಕ್ಕು ತಿಳಿಯಬೇಕಾದರೆ ಕಾಂತಮಾಪಕವೊಂದು ಅದರ ದಾರಿಯಲ್ಲೇ ನಿಂತಿರಬೇಕು. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ಇಸ್ರೊದ ಸೌರ ವೀಕ್ಷಣಾ ನೌಕೆ ಆದಿತ್ಯ–ಎಲ್1 ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಹಾಗೆ ನಿಂತಿದೆ. ಅದರ ಕಾಂತಮಾಪಕ ತಯಾರಾದದ್ದು ಬೆಂಗಳೂರಿನ ಇಸ್ರೊ ಪ್ರಯೋಗಾಲಯದಲ್ಲಿ, ಕರೋನಾ ನೋಡುವ ಉಪಕರಣ ಹೊಸಕೋಟೆಯಲ್ಲಿರುವ ಖಭೌತ ಸಂಸ್ಥೆಯ ಆವರಣದಲ್ಲಿ. ಸೆಕೆಂಡಿಗೆ 700 ಕಿ.ಮೀ. ವೇಗದ ಮಾರುತ ಅಲ್ಲಿಂದ ಇಲ್ಲಿಗೆ ಬರಲು ಮೂವತ್ತೈದು ನಿಮಿಷ ಸಾಕು, ನಿಧಾನದ್ದಾದರೆ ಒಂದು ಗಂಟೆ. ಬರುವ ಫೆಬ್ರವರಿಯ ಇಂಥ ತಾರೀಖಿಗೆ ಟ್ರೊಮ್ಸೊದಲ್ಲಿ ಧ್ರುವಪ್ರಭೆ ಗ್ಯಾರಂಟಿ ಎಂದು ಈಗಲೇ ಪ್ಯಾಕೇಜ್ ಮಾರುವವರು ಯಾವ ಕಾಂತಮಾಪಕ ಇಟ್ಟುಕೊಂಡಿದ್ದಾರೋ ಮುಂಗಡ ಕಟ್ಟುವ ಮೊದಲು ಕೇಳಿಕೊಳ್ಳಿ.